ಪ್ರಾಜೆಕ್ಟ್ ಕೇಳುವ ಮೊದಲು: ಯೋಜನಾ ಪ್ರಸ್ತಾವನೆ ಬರೆಯುವ ಬಗೆ



ಒಕ್ಕೂಟದ ಸಭೆಗಳಿಗೆ ನಾವು ಬಂದಾಗಲೆಲ್ಲ ಕೇಳಿಬರುವ ಮಾತು ಒಂದೇ: "ನಮ್ಮೂರಿಗೂ ಒಂದು ಪ್ರಾಜೆಕ್ಟ್ ಕೊಡ್ಸಿ." ಯಾವ ಪ್ರಾಜೆಕ್ಟ್ ಬೇಕು ಅಂತ ಕೇಳಿದರೆ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಒಬ್ಬರು ಟೈಲರಿಂಗ್ ಅಂತಾರೆ, ಇನ್ನೊಬ್ಬರು ಹಸು ಅಂತಾರೆ, ಮತ್ತೊಬ್ಬರು "ಯಾವುದು ಬಂದ್ರೂ ಸರಿ" ಅಂತಾರೆ. ಯಾವುದು ಬಂದರೂ ಸರಿ ಅನ್ನುವವರಿಗೆ ಹಣ ಕೊಡುವ ಸಂಸ್ಥೆ ಎಲ್ಲೂ ಇಲ್ಲ. ಆದ್ದರಿಂದ ಈ ಪಾಠದಲ್ಲಿ ಯೋಜನಾ ಪ್ರಸ್ತಾವನೆ ಅಂದರೆ ಏನು, ಅದರಲ್ಲಿ ಸಂಘದ ಮಹಿಳೆಯರ ಪಾಲು ಎಷ್ಟು ಎಂಬುದನ್ನು ತಿಳಿದುಕೊಳ್ಳೋಣ.

ಅರ್ಜಿ ಬೇರೆ, ಪ್ರಸ್ತಾವನೆ ಬೇರೆ. ಅರ್ಜಿಯಲ್ಲಿ ನಮ್ಮ ಕಷ್ಟ ಹೇಳಿಕೊಂಡು ಸಹಾಯ ಮಾಡಿ ಎಂದು ಕೇಳುತ್ತೇವೆ. ಪ್ರಸ್ತಾವನೆಯಲ್ಲಿ ಕಷ್ಟದ ಜೊತೆಗೆ ಇನ್ನೂ ಕೆಲವು ಸಂಗತಿಗಳಿರಬೇಕು. ನಾವು ಏನು ಮಾಡುತ್ತೇವೆ, ಎಷ್ಟು ತಿಂಗಳಲ್ಲಿ, ಎಷ್ಟು ಹಣದಲ್ಲಿ, ಆ ಹಣದಲ್ಲಿ ನಮ್ಮ ಪಾಲೆಷ್ಟು, ಅವರ ಹಣ ಮುಗಿದ ಮೇಲೆ ಆ ಕೆಲಸವನ್ನು ಯಾರು ನಡೆಸಿಕೊಂಡು ಹೋಗುತ್ತಾರೆ. ಅಂದರೆ ಅದು ಬರವಣಿಗೆಯಲ್ಲಿ ಕೊಟ್ಟ ಮಾತು. ಮಂಜೂರಾದ ಮೇಲೆ ಅದೇ ಕಾಗದ ಕೈಯಲ್ಲಿ ಹಿಡಿದು ಒಬ್ಬರು ಊರಿಗೆ ಬರುತ್ತಾರೆ, "ಇಲ್ಲಿ ಬರೆದದ್ದು ಎಲ್ಲಿದೆ ತೋರಿಸಿ" ಎನ್ನುತ್ತಾರೆ. ಬರೆಯುವಾಗಲೇ ಆ ದಿನವನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಸಂಘಗಳಿಗೂ ಪ್ರಸ್ತಾವನೆಗೂ ಹಳೆಯ ನಂಟಿದೆ. 1984-85ರ ಸುಮಾರಿನಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಆಗ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಸೇರತೊಡಗಿದರು. ಮೈರಾಡ ಇದನ್ನು ಗಮನಿಸಿ, ಈ ಗುಂಪುಗಳನ್ನು ಬಲಪಡಿಸಲು 1986ರಲ್ಲಿ ನಬಾರ್ಡ್‌ಗೆ ಒಂದು ಪ್ರಸ್ತಾವನೆ ಕಳಿಸಿತು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು. ಅದರ ಅನುಭವವೂ ಸೇರಿ 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ದೇಶದಲ್ಲಿ ಶುರುವಾಯಿತು. ಇಂದು ನೀವು ಬ್ಯಾಂಕಿಗೆ ಹೋಗಿ ಸಂಘದ ಹೆಸರಲ್ಲಿ ಸಾಲ ಕೇಳುತ್ತೀರಲ್ಲ, ಅದರ ಹಿಂದೆ ಆ ಪ್ರಸ್ತಾವನೆಯೂ ಇದೆ. ಗಮನಿಸಬೇಕಾದದ್ದು ಇಷ್ಟು: ಜನ ಆಗಲೇ ಮಾಡುತ್ತಿದ್ದ ಕೆಲಸವನ್ನು ಅವರು ಕಣ್ಣಾರೆ ಕಂಡು ಬರೆದಿದ್ದರು.

ಒಂದು ಉದಾಹರಣೆ

ಬಾಯಿಮಾತಿಗಿಂತ ಉದಾಹರಣೆ ಸುಲಭ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಒಣ ತಾಲ್ಲೂಕುಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಅಲ್ಲಿಯ ಹೆಂಗಸರಿಗೆ ಹೊಸ ಸುದ್ದಿಯಲ್ಲ. ಅಂಥ ಕಡೆ ಒಂದು ಊರಿದೆ, 62 ಮನೆ, ಮೂರು ಸ್ವಸಹಾಯ ಸಂಘ ಎಂದಿಟ್ಟುಕೊಳ್ಳೋಣ. ಮನೆಯ ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯಲು, ಅಡುಗೆಗೆ ಬಳಸಬೇಕೆಂದು ಆ ಸಂಘಗಳು ತೀರ್ಮಾನಿಸಿವೆ. ಮುಂದೆ ಬರುವ ಮನೆ, ಮೊತ್ತ, ಪರೀಕ್ಷೆಯ ಅಂಕಿಗಳು ಪಾಠಕ್ಕಾಗಿ ನಾವು ಹಾಕಿಕೊಂಡದ್ದು. ನಿಮ್ಮೂರಿನ ದರ ನಿಮ್ಮೂರಲ್ಲೇ ವಿಚಾರಿಸಬೇಕು.

ಸಮಸ್ಯೆಯನ್ನು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ನಮ್ಮ ಗ್ರಾಮವು ತುಂಬಾ ಹಿಂದುಳಿದಿದ್ದು, ಜನರು ಬಡವರೂ ಅನಕ್ಷರಸ್ಥರೂ ಆಗಿದ್ದು, ಕುಡಿಯುವ ನೀರಿಗೆ ತುಂಬಾ ತೊಂದರೆ ಇರುತ್ತದೆ." ಇದನ್ನು ಯಾವ ಊರಿಗೆ ಬೇಕಾದರೂ ಅಂಟಿಸಬಹುದು. ಓದುವವರ ಮೇಜಿನ ಮೇಲೆ ಇಂಥ ಕಾಗದಗಳು ರಾಶಿ ಇರುತ್ತವೆ. ನಮ್ಮ ಬಡತನವನ್ನು ಹೊಗಳಿ ಬರೆಯುವ ಅಭ್ಯಾಸ ನಮಗೆ ಯಾವಾಗ ಬಂತೋ ಗೊತ್ತಿಲ್ಲ, ಅದನ್ನು ಬಿಟ್ಟರೆ ಒಳ್ಳೆಯದು.

ಅದನ್ನೇ ಹೀಗೆ ಬರೆದು ನೋಡಿ: "ನಮ್ಮ ಊರಿನ 62 ಮನೆಗಳಿಗೆ ಎರಡು ಕೊಳವೆಬಾವಿಗಳಿವೆ. ಜಿಲ್ಲಾ ಪ್ರಯೋಗಾಲಯದ ವರದಿಯಂತೆ ಅವುಗಳ ನೀರಿನಲ್ಲಿ ಲೀಟರಿಗೆ 2.8 ಮತ್ತು 3.4 ಮಿಲಿಗ್ರಾಂ ಫ್ಲೋರೈಡ್ ಇದೆ. ಬೇರೆ ನೀರು ಸಿಗದಿದ್ದಾಗಲೂ 1.5 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕ. ಸಂಘದ ಸದಸ್ಯೆಯರು ಮನೆಮನೆಗೆ ಹೋಗಿ ನೋಡಿದಾಗ ಶಾಲೆಗೆ ಹೋಗುವ 41 ಮಕ್ಕಳಲ್ಲಿ 26 ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಂಡಿತು. ಹತ್ತಿರದ ಶುದ್ಧ ನೀರಿನ ಘಟಕ 3 ಕಿಲೋಮೀಟರ್ ದೂರದಲ್ಲಿದೆ. ಸೈಕಲ್, ಬೈಕ್ ಇರುವ 19 ಮನೆಯವರು ಮಾತ್ರ ಅಲ್ಲಿಂದ ನೀರು ತರುತ್ತಾರೆ."

ಎರಡನೆಯದರಲ್ಲಿ ಎಲ್ಲೂ ಬಡವರು ಎಂಬ ಮಾತಿಲ್ಲ, ಆದರೂ ಓದಿದವರಿಗೆ ಪರಿಸ್ಥಿತಿ ಅರ್ಥವಾಗುತ್ತದೆ. ಈ ಅಂಕಿಗಳನ್ನು ಕಲೆಹಾಕಲು ಪಟ್ಟಣದಿಂದ ಯಾರೂ ಬರಬೇಕಾಗಿಲ್ಲ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಜನ ಮಹಿಳೆಯರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ಅವರು ಯಾರು ಎಂದು ಪಂಚಾಯ್ತಿಯಲ್ಲಿ ಕೇಳಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ನೀರಿನ ಮಾದರಿ ಕೊಟ್ಟು ಲಿಖಿತ ವರದಿ ಪಡೆಯಿರಿ. ಮಕ್ಕಳ ಲೆಕ್ಕವನ್ನು ಎರಡು ಭಾನುವಾರದಲ್ಲಿ ಮುಗಿಸಬಹುದು. ಹೀಗೆ ತಿರುಗುವಾಗಲೇ "ಚೆನ್ನಾಗಿ ಕುದಿಸಿ ಕುಡಿದ್ರೆ ಆಯ್ತಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಸುಮಾರು 8 ವರ್ಷದೊಳಗೆ, ಅಂದರೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ ಬಿದ್ದ ಕಲೆ ಮತ್ತೆ ಹೋಗುವುದಿಲ್ಲ. ದೊಡ್ಡವರಿಗೆ ಬಹಳ ವರ್ಷ ಕುಡಿದ ಮೇಲೆ ಸೊಂಟ, ಕೀಲು ಹಿಡಿದುಕೊಳ್ಳುತ್ತವೆ.

ಓದುವವರ ಪ್ರಶ್ನೆ

ಪ್ರಸ್ತಾವನೆ ಓದುವವರು ದಡ್ಡರಲ್ಲ. ಅವರ ಮೊದಲ ಪ್ರಶ್ನೆ: "ಸರ್ಕಾರದ ಶುದ್ಧ ನೀರಿನ ಘಟಕ ಇದೆಯಲ್ಲ, ಮತ್ತೆ ತೊಟ್ಟಿ ಯಾಕೆ?" ಇದಕ್ಕೆ ಉತ್ತರ ಪ್ರಸ್ತಾವನೆಯಲ್ಲೇ ಇರಬೇಕು. ಘಟಕ ಕೆಲಸ ಮಾಡುವಾಗ ಫ್ಲೋರೈಡ್ ತೆಗೆಯುತ್ತದೆ, ನಿಜ. ಆದರೆ ಕರೆಂಟ್ ಇಲ್ಲದಾಗ, ಫಿಲ್ಟರ್ ಬದಲಿಸಬೇಕಾದಾಗ ನಿಲ್ಲುತ್ತದೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಹತ್ತಿರದ ಘಟಕ ಎಷ್ಟು ದಿನ ನಿಂತಿತ್ತು? ಅದನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದವರು ಇದ್ದರೆ ಅದೇ ದೊಡ್ಡ ಸಾಕ್ಷಿ. ಇಲ್ಲದಿದ್ದರೆ ಇವತ್ತಿನಿಂದಲೇ ಹಾಕಿ. ಘಟಕವೇ ಚೆನ್ನಾಗಿ ನಡೆಯುತ್ತಿದ್ದು ದೂರವಷ್ಟೇ ತೊಂದರೆಯಾಗಿದ್ದರೆ, ತೊಟ್ಟಿ ಬಿಟ್ಟು ನೀರು ಸಾಗಿಸುವ ವ್ಯವಸ್ಥೆ ಕೇಳುವುದು ಪ್ರಾಮಾಣಿಕ. ಆಸೆಪಟ್ಟ ವಸ್ತುವಿಗೆ ಸಮಸ್ಯೆ ಹುಡುಕಬಾರದು.

ಎರಡನೇ ಪ್ರಶ್ನೆ: "ನಿಮ್ಮ ಕಡೆ ಮಳೆಯೇ ಕಡಿಮೆ, ತೊಟ್ಟಿ ತುಂಬುತ್ತದೆಯೇ?" ಇದಕ್ಕೆ ಲೆಕ್ಕ ಕೊಡಬೇಕು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂರು ಚದರದ ಮನೆ ಅಂದರೆ ಸುಮಾರು 28 ಚದರ ಮೀಟರ್. ವರ್ಷಕ್ಕೆ 550 ಮಿ.ಮೀ. ಮಳೆ ಎಂದುಕೊಳ್ಳಿ. ಚೆಲ್ಲಿಹೋಗುವುದು, ಮೊದಲ ಮಳೆಯಲ್ಲಿ ಚಾವಣಿ ತೊಳೆದುಹೋಗುವುದು ಎಲ್ಲ ಕಳೆದು ನೂರಕ್ಕೆ 80 ಪಾಲು ಸಿಕ್ಕಿದರೂ 12,320 ಲೀಟರ್ ಆಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 5 ಲೀಟರಿನಂತೆ ದಿನಕ್ಕೆ 25 ಲೀಟರ್, ವರ್ಷಕ್ಕೆ 9,125 ಲೀಟರ್ ಬೇಕು. ಸಾಲುತ್ತದೆ. ಹಾಗಂತ ಅಷ್ಟೂ ನೀರು ಹಿಡಿಯುವ ತೊಟ್ಟಿ ಬೇಡ. ಮಳೆಗಾಲದಲ್ಲಿ ತೊಟ್ಟಿ ಮತ್ತೆ ಮತ್ತೆ ತುಂಬುತ್ತದೆ. ಡಿಸೆಂಬರಿನಿಂದ ಮೇ ಮಧ್ಯದವರೆಗಿನ ಒಣ ತಿಂಗಳು ದಾಟಿದರೆ ಸಾಕು. 5,000 ಲೀಟರಿನ ತೊಟ್ಟಿ 200 ದಿನ ಬರುತ್ತದೆ. ದೊಡ್ಡದಿದ್ದರೆ ಒಳ್ಳೆಯದು ಅಂತ 10,000 ಲೀಟರ್ ಬರೆದರೆ ಖರ್ಚು ಏರುತ್ತದೆ, ಅಷ್ಟೇ ಹಣದಲ್ಲಿ ಕಡಿಮೆ ಮನೆಗಳಿಗೆ ಸಿಗುತ್ತದೆ. ಮಳೆಯ ಅಂಕಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಬರೆದುಕೊಳ್ಳಿ.

ಯಾರ ಮನೆಗೆ ಮೊದಲು?

ಇದು ಪ್ರಸ್ತಾವನೆಯ ಅತಿ ಕಷ್ಟದ ಭಾಗ. ಹಣದ ಲೆಕ್ಕ ತಪ್ಪಿದರೆ ತಿದ್ದಬಹುದು. ಪಟ್ಟಿ ತಪ್ಪಿದರೆ ಸಂಘವೇ ಒಡೆಯುತ್ತದೆ.

62 ಮನೆಯಲ್ಲಿ ಮೊದಲ ಹಂತಕ್ಕೆ 25 ಮನೆ ಎಂದು ನಿರ್ಧಾರವಾಯಿತು ಎನ್ನೋಣ. ಹೆಸರು ಬರೆಯಲು ಕೂತರೆ ಅಧ್ಯಕ್ಷೆಯ ಹೆಸರು, ಕಾರ್ಯದರ್ಶಿಯ ಹೆಸರು, ಅವರ ಅತ್ತಿಗೆ, ನಾದಿನಿ ಹೀಗೆ ಸಾಗುತ್ತದೆ. ಅದಕ್ಕೆ ಮೊದಲು ನಿಯಮ ಬರೆಯಬೇಕು, ಆಮೇಲೆ ಹೆಸರು. 8 ವರ್ಷದೊಳಗಿನ ಮಕ್ಕಳಿರುವ ಮನೆ, ಗರ್ಭಿಣಿ, ಬಾಣಂತಿ ಇರುವ ಮನೆ, ಗಂಡನಿಲ್ಲದೆ ಸಂಸಾರ ನಡೆಸುವ ಹೆಂಗಸಿನ ಮನೆ. ಇವುಗಳಿಗೆ ಆದ್ಯತೆ ಎಂದು ಠರಾವು ಮಾಡಿ, ಎಲ್ಲರ ಎದುರು ಓದಿ, ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ. ಆ ಠರಾವಿನ ನಕಲು ಪ್ರಸ್ತಾವನೆಯ ಜೊತೆ ಹೋಗಲಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಚಾವಣಿ ನೀರು ಹಿಡಿಯಲು ಮೊದಲು ಚಾವಣಿ ಬೇಕಲ್ಲ! ತಾರಸಿ, ಹೆಂಚು, ತಗಡಿನ ಮನೆಗೆ ತೊಟ್ಟಿ ಕಟ್ಟಬಹುದು. ಗುಡಿಸಲಿನಲ್ಲಿರುವ ಅಜ್ಜಿಗೆ ಏನು ಮಾಡುವುದು? ತೀರಾ ಬಡವರಿಗಾಗಿ ಎಂದು ಬರೆದ ಯೋಜನೆಯೇ ತೀರಾ ಬಡವರನ್ನು ಹೊರಗಿಡುತ್ತದೆ. ನಾವು ನೋಡಿದ ಎಷ್ಟೋ ಪ್ರಸ್ತಾವನೆಗಳಲ್ಲಿ ಈ ಮಾತೇ ಬರುವುದಿಲ್ಲ, ಯಾಕಂದರೆ ಆ ಅಜ್ಜಿ ಸಂಘದ ಸದಸ್ಯೆಯಲ್ಲ, ಸಭೆಗೆ ಬರುವವಳಲ್ಲ. ಹೀಗಿದ್ದಾಗ ಅಂಗನವಾಡಿ, ಶಾಲೆ ಅಥವಾ ಸಮುದಾಯ ಭವನದ ಚಾವಣಿಗೆ ಒಂದು ಸಾಮೂಹಿಕ ತೊಟ್ಟಿ ಸೇರಿಸಿ, ಸ್ವಂತ ಚಾವಣಿ ಇಲ್ಲದ ಮನೆಗಳಿಗೆ ದಿನಕ್ಕೆ ಇಷ್ಟು ಬಿಂದಿಗೆ ಎಂದು ಹಂಚಬಹುದು. ಕಟ್ಟಡ ಯಾರದೋ ಅವರ ಒಪ್ಪಿಗೆ ಪತ್ರ ಬೇಕು. ಇದನ್ನು ಬರೆದ ಪ್ರಸ್ತಾವನೆ ಓದಿದವರಿಗೆ ಈ ಹೆಂಗಸರು ಇಡೀ ಊರನ್ನು ನೋಡಿದ್ದಾರೆ ಎಂದು ತಿಳಿಯುತ್ತದೆ.

ಹಣದ ಲೆಕ್ಕ

ನಮ್ಮ ಉದಾಹರಣೆಯಲ್ಲಿ ಒಂದು ಮನೆಗೆ ತೊಟ್ಟಿ, ಪೈಪು, ಫಿಲ್ಟರ್, ಕೂಲಿ ಸೇರಿ 40,000 ರೂ. ಎಂದುಕೊಳ್ಳೋಣ. ಗುಂಡಿ ತೆಗೆಯುವುದು, ಮರಳು, ಕಲ್ಲು ಹೊರುವುದು ಮನೆಯವರ ಶ್ರಮದಾನ, ಅದರ ಬೆಲೆ 4,000 ರೂ. ಮನೆಯವರು ನಗದಾಗಿ ಕೊಡುವುದು 4,000 ರೂ. ಉಳಿದ 32,000 ರೂ. ಕೇಳುತ್ತೇವೆ. 25 ಮನೆಗೆ ಲೆಕ್ಕ ಹೀಗೆ:

ತೊಟ್ಟಿಗಳ ಒಟ್ಟು ವೆಚ್ಚ: 10,00,000 ರೂ.
ತರಬೇತಿ ಮತ್ತು ನೀರು ಪರೀಕ್ಷೆ: 40,000 ರೂ.
ಉಸ್ತುವಾರಿ, ಲೆಕ್ಕಪತ್ರ, ಓಡಾಟ: 60,000 ರೂ.
ಒಟ್ಟು: 11,00,000 ರೂ.
ಇದರಲ್ಲಿ ಜನರ ನಗದು ವಂತಿಗೆ 1,00,000 ರೂ., ಶ್ರಮದಾನ 1,00,000 ರೂ.
ಕೇಳುವ ಮೊತ್ತ: 9,00,000 ರೂ.

ಸಾಮೂಹಿಕ ತೊಟ್ಟಿ ಸೇರಿಸಿದರೆ ಅದರ ಅಂದಾಜನ್ನು ಪ್ರತ್ಯೇಕವಾಗಿ ಬರೆದು ಕೂಡಬೇಕು. ಅಂದಾಜು ಊಹೆಯಾಗಬಾರದು. ಎರಡು ಮೂರು ಕಡೆ ಕೊಟೇಶನ್ ತನ್ನಿ, ಮೇಸ್ತ್ರಿಯ ಕೂಲಿ ದರ ಬರೆದುಕೊಳ್ಳಿ. ಕೆಲವರು "ಹೇಗೂ ಕಡಿತ ಮಾಡ್ತಾರೆ, ಡಬಲ್ ಹಾಕಿಬಿಡೋಣ" ಅಂತಾರೆ. ಸಿಮೆಂಟ್ ಚೀಲದ ಬೆಲೆ ಓದುವವರಿಗೂ ಗೊತ್ತು. ಒಂದು ಕಡೆ ಸುಳ್ಳು ಕಂಡರೆ ಉಳಿದ ಅಂಕಿಯನ್ನೂ ಅವರು ನಂಬುವುದಿಲ್ಲ.

4,000 ರೂ. ನಗದು ಎಲ್ಲಿಂದ ಬರುತ್ತದೆ ಎಂದು ಅವರು ಕೇಳೇ ಕೇಳುತ್ತಾರೆ. ಸಂಘದಿಂದ ಸಾಲವಾಗಿ ಕೊಟ್ಟು ತಿಂಗಳಿಗೆ 200 ರೂ.ನಂತೆ 20 ತಿಂಗಳಲ್ಲಿ ಅಸಲು ತೀರಿಸಬಹುದು ಎಂದು ಬರೆದು, ಜೊತೆಗೆ ಸಂಘದ ಕಳೆದ ಮೂರು ವರ್ಷದ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಇಡಿ. ಇಲ್ಲಿಯೇ ನಮ್ಮ ಹಳೇ ಪುಸ್ತಕಗಳ ಬೆಲೆ ಗೊತ್ತಾಗುವುದು. ವಾರವಾರ ಕೂತು ಬರೆದ ನಡಾವಳಿ ಪುಸ್ತಕ, ಉಳಿತಾಯ ಲೆಡ್ಜರ್, ಪಾಸ್‌ಬುಕ್ ಇವು ಮಾತಾಡುವಷ್ಟು ಗಟ್ಟಿಯಾಗಿ ಯಾವ ಇಂಗ್ಲಿಷ್ ವಾಕ್ಯವೂ ಮಾತಾಡುವುದಿಲ್ಲ. ಪುಸ್ತಕ ಬರೆಯದ ಸಂಘಕ್ಕೆ ಪ್ರಸ್ತಾವನೆ ಬರೆದುಕೊಡುವುದು ನಮಗೂ ಕಷ್ಟ.

ಹಣ ಮುಗಿದ ಮೇಲೆ? ನಲ್ಲಿ ಸೋರುತ್ತದೆ, ಫಿಲ್ಟರಿನ ಮರಳು, ಜಲ್ಲಿ ತೊಳೆಯಬೇಕು, ಪೈಪು ಒಡೆಯುತ್ತದೆ. ಮನೆಗೆ ತಿಂಗಳಿಗೆ 20 ರೂ. ಎತ್ತಿದರೆ 25 ಮನೆಯಿಂದ ವರ್ಷಕ್ಕೆ 6,000 ರೂ. ದುರಸ್ತಿ ನಿಧಿ. ಅದರ ಖಾತೆ ಯಾರ ಹೆಸರಲ್ಲಿ, ಮಳೆಗಾಲಕ್ಕೆ ಮೊದಲು ಚಾವಣಿ ಗುಡಿಸಿದ್ದಾರೋ ಇಲ್ಲವೋ ನೋಡುವವರು ಯಾರು ಎಂದು ಹೆಸರು ಹಾಕಿ ಬರೆಯಿರಿ. "ಸಮಿತಿ ನೋಡಿಕೊಳ್ಳುತ್ತದೆ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ.

ಉದ್ದೇಶದ ಭಾಗಕ್ಕೆ ಹೆಚ್ಚು ಮಾತು ಬೇಡ. "ಅರಿವು ಮೂಡಿಸುವುದು", "ಸಬಲೀಕರಣಗೊಳಿಸುವುದು" ಎಂಬ ಪದಗಳನ್ನು ಅಳೆಯಲು ಆಗುವುದಿಲ್ಲ. "12 ತಿಂಗಳಲ್ಲಿ 25 ಮನೆಗಳ ಜನ ಕುಡಿಯಲು, ಅಡುಗೆಗೆ ಕೊಳವೆಬಾವಿ ನೀರು ಬಳಸುವುದನ್ನು ನಿಲ್ಲಿಸುತ್ತಾರೆ" ಎಂದರೆ ವರ್ಷದ ಕೊನೆಗೆ ಬಂದು ಎಣಿಸಬಹುದು. ಹಾಗೆಯೇ, ಕಲೆ ಬಿದ್ದ ಹಲ್ಲು ಬೆಳ್ಳಗಾಗುತ್ತದೆ ಎಂದು ಬರೆಯಬೇಡಿ. ಆಗುವುದಿಲ್ಲ. ಮುಂದೆ ಹುಟ್ಟುವ, ಬೆಳೆಯುವ ಮಕ್ಕಳಿಗೆ ಆಗದಂತೆ ತಡೆಯಬಹುದು, ಅಷ್ಟೇ.

ಯಾರನ್ನು ಕೇಳುವುದು?

ಮೊದಲು ಪಂಚಾಯ್ತಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿ. ಪಂಚಾಯ್ತಿ ಹಣ ಕೊಡದಿದ್ದರೂ ಆ ನಡಾವಳಿಯ ನಕಲು ಉಪಯೋಗಕ್ಕೆ ಬರುತ್ತದೆ.

ಆಮೇಲೆ ಕಂಪನಿಗಳು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶುದ್ಧ ಕುಡಿಯುವ ನೀರು ಆ ಕಾಯ್ದೆಯ ಪಟ್ಟಿಯಲ್ಲೇ ಇದೆ. ಆದರೆ ಕಂಪನಿಯ ಹಣದಲ್ಲಿ ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಎಂಬ ನಮೂನೆಯಲ್ಲಿ ನೋಂದಾಯಿಸಿರಬೇಕು. ಆದಾಯ ತೆರಿಗೆ ಇಲಾಖೆಯ ನೋಂದಣಿಗಳೂ (ನಮ್ಮವರು ರೂಢಿಯಲ್ಲಿ 12ಎ, 80ಜಿ ಅನ್ನುವವು) ಇರಬೇಕು. ಸ್ವಸಹಾಯ ಸಂಘಕ್ಕೆ ಇವು ಇರುವುದಿಲ್ಲ. ಆದ್ದರಿಂದ ನೋಂದಾಯಿತ ಸಂಸ್ಥೆಯ ಜೊತೆ ಸೇರಿ ಕೇಳಬೇಕು.

ವಿದೇಶದ ಹಣದ ಬಗ್ಗೆ ಹಳೇ ನೆನಪಿನಲ್ಲೇ ಮಾತಾಡುವವರು ತುಂಬಾ ಇದ್ದಾರೆ. ಜರ್ಮನಿಯಲ್ಲಿ 1958ರಲ್ಲಿ ಶುರುವಾದ ಮಿಸೆರಿಯೋರ್‌ನಂಥ ಸಂಸ್ಥೆಗಳಿಗೆ ತಪಸ್ಸುಕಾಲದಲ್ಲಿ ಅಲ್ಲಿಯ ಸಾಮಾನ್ಯ ಜನ ಹಾಕುವ ಕಾಣಿಕೆಯೂ ಸೇರುತ್ತದೆ. "ಫಾರಿನ್ ದುಡ್ಡು, ಯಾರಪ್ಪನ ಗಂಟು" ಅನ್ನುವವರು ಇದನ್ನು ತಿಳಿದಿರಲಿ. ಇನ್ನು ಕಾನೂನಿನ ಮಾತು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ, ಆ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚವೂ ನೂರಕ್ಕೆ 20 ಮೀರುವಂತಿಲ್ಲ. "ನಿಮಗೆ ಬಂದ ಹಣ ನಮ್ಮ ಒಕ್ಕೂಟದ ಖಾತೆಗೆ ಹಾಕಿ, ನಾವೇ ಮಾಡ್ಕೋತೀವಿ" ಎಂದು ಈಗಲೂ ಕೇಳುತ್ತಾರೆ. ಅದು ಮನಸ್ಸಿಲ್ಲದ ಮಾತಲ್ಲಮ್ಮಾ, ಕಾನೂನೇ ಬಿಡುವುದಿಲ್ಲ. ಸಂಸ್ಥೆಯೇ ಕೆಲಸ ನಡೆಸಿ ಲೆಕ್ಕ ಕೊಡಬೇಕು.

ಇನ್ನೊಂದು ಎಚ್ಚರಿಕೆ. "ಮೇಲಿನವರು ನನಗೆ ಗೊತ್ತು, ಪ್ರಾಜೆಕ್ಟ್ ಪಾಸ್ ಮಾಡಿಸ್ತೀನಿ, ಇಷ್ಟು ಪರ್ಸೆಂಟ್ ಕೊಡಿ" ಎಂದು ಬರುವವರಿಗೆ ಆಧಾರ್ ನಕಲು, ಖಾಲಿ ಲೆಟರ್‌ಹೆಡ್, ಸಂಘದ ಸೀಲು ಕೊಡಬೇಡಿ. ಪ್ರಸ್ತಾವನೆ ಓದಲು ಶುಲ್ಕ ತೆಗೆದುಕೊಳ್ಳುವವರನ್ನು ನಂಬಬೇಡಿ.

ಬರೆಯುವ ಕೈ, ಹೇಳುವ ಬಾಯಿ

"ನಮಗೆ ಇಂಗ್ಲಿಷ್ ಬರಲ್ಲ, ನೀವೇ ಬರೆದುಬಿಡಿ" ಎಂಬ ಮಾತಿಗೆ ನಾವು ಅರ್ಧ ಒಪ್ಪುತ್ತೇವೆ. ನಮೂನೆ ತುಂಬುವುದು, ಕಂಪ್ಯೂಟರಿನಲ್ಲಿ ಕಳಿಸುವುದು ನಮ್ಮ ಕೆಲಸ. ಆದರೆ ಸಮಸ್ಯೆ, ಪಟ್ಟಿ, ವಂತಿಗೆ, ದುರಸ್ತಿ ಈ ನಾಲ್ಕನ್ನು ಸಂಘ ಕನ್ನಡದಲ್ಲಿ ಬರೆದು ಕೊಡಬೇಕು. ನಾವು ಇಂಗ್ಲಿಷಿಗೆ ಹಾಕಿದ ಮೇಲೆ ಅದನ್ನು ಮತ್ತೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ನೀವು ಹೇಳದ ಮಾತು ಅದರಲ್ಲಿದ್ದರೆ ತೆಗೆಸಿ. ನಾಳೆ ಪರಿಶೀಲನೆಗೆ ಬಂದವರು ನಮ್ಮನ್ನು ಬದಿಗೆ ನಿಲ್ಲಿಸಿ ನಿಮ್ಮನ್ನೇ ಕೇಳುತ್ತಾರೆ.

ಕಳಿಸಿದ ಮೇಲೆ ಕಾಯಬೇಕಾಗುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ. "ಆಗುವುದಿಲ್ಲ" ಎಂದು ಉತ್ತರ ಬಂದರೆ ಕಾರಣ ಕೇಳಿ ಬರೆಯಬಹುದು, ಅದರಲ್ಲಿ ಸಂಕೋಚ ಬೇಡ. ಮಂಜೂರಾದರೆ, ಒಂದು ಬಾಬತ್ತಿನ ಹಣವನ್ನು ಇನ್ನೊಂದಕ್ಕೆ ಬಳಸುವ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು. ತೊಟ್ಟಿಗೆಂದು ಬಂದ ಹಣದಲ್ಲಿ ಸಭೆಗೆ ಕುರ್ಚಿ ಕೊಂಡರೆ, ಕುರ್ಚಿ ಎಷ್ಟೇ ಬೇಕಾಗಿದ್ದರೂ ಅದು ತಪ್ಪು ಲೆಕ್ಕವೇ.

ಮುಂದಿನ ಸಭೆಯಲ್ಲಿ ಚರ್ಚಿಸಿ

ಕಳೆದ ಆರು ತಿಂಗಳ ನಡಾವಳಿ ಪುಸ್ತಕ ತೆರೆದು ನೋಡಿ. ಯಾವ ಕಷ್ಟದ ಮಾತು ಮತ್ತೆ ಮತ್ತೆ ಬಂದಿದೆ?

ಆ ಕಷ್ಟದ ಬಗ್ಗೆ ಈಗಾಗಲೇ ನಾವು ಸ್ವಂತ ಹಣದಿಂದ, ಸ್ವಂತ ಶ್ರಮದಿಂದ ಏನು ಮಾಡಿದ್ದೇವೆ?

ನಮ್ಮೂರಲ್ಲಿ ಯಾವ ಸಂಘದಲ್ಲೂ ಇಲ್ಲದ ಹೆಂಗಸರು ಯಾರು ಯಾರು? ಅವರಲ್ಲಿ ಮೂವರ ಮನೆಗೆ ಹೋಗಿ ಕೇಳಿಕೊಂಡು ಬರುವವರು ಯಾರು? ಹೆಸರು ಬರೆದುಕೊಳ್ಳಿ. ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಅವರು ಹೇಳಿದ್ದನ್ನು ತನ್ನಿ.